ಹೆಸರಿನ ಮುಂದಿನ ಸ್ಟಾರ್

ಆಸ್ಪತ್ರೆಯ ಹಳೆಯ ಕಂಪ್ಯೂಟರ್ ವ್ಯವಸ್ಥೆಯನ್ನು ಇಪ್ಪತ್ತೊಂದು ವರ್ಷ ಸಾಕಿದವಳನ್ನು ಎಲ್ಲರೂ ಮಷಿನಮ್ಮ ಎಂದೇ ಕರೆಯುತ್ತಿದ್ದರು. ಸಾಕಿದವಳು ಎಂದದ್ದು ಸುಮ್ಮನೆ ಅಲ್ಲ. ಅದು ಮುನಿಸಿಕೊಂಡು ಕೂತರೆ ಇವಳೇ ಹೋಗಿ ಎಬ್ಬಿಸಬೇಕು. ಅದರ ಹೊಟ್ಟೆಯಲ್ಲಿ ಏನಿದೆ ಎಂದು ಬಲ್ಲವರು ಇನ್ನೊಬ್ಬರಿಲ್ಲ. ಯಾರಾದರೂ ಕಲಿತುಕೊಳ್ಳಿ ಎಂದು ಅವಳು ಅಂಗಲಾಚಿದಾಗಲೆಲ್ಲ "ನೀವಿದ್ದೀರಲ್ಲ" ಎಂದು ಜಾರಿಕೊಂಡಿದ್ದರು. ಮನುಷ್ಯರನ್ನು ಸುಸ್ತು ಮಾಡಲು ಇದಕ್ಕಿಂತ ಸಲೀಸಾದ ಮಾತು ಇನ್ನೊಂದಿಲ್ಲ.

ಇವತ್ತು ಶುಕ್ರವಾರ. ಸೋಮವಾರದಿಂದ ಹೊಸ ವ್ಯವಸ್ಥೆ. ಮಧ್ಯಾಹ್ನ ಮೂರರ ಸಭೆಯಲ್ಲಿ "ಹಳೆಯ ಮಾಹಿತಿಯೆಲ್ಲ ಸರಿಯಾಗಿ ಬಂದಿದೆ" ಎಂಬ ಕಾಗದಕ್ಕೆ ಮಷಿನಮ್ಮ ಸಹಿ ಹಾಕಿದರೆ ಹಳೆಯದು ಬಂದ್, ಅವಳಿಗೂ ನಿವೃತ್ತಿ. ಭಾನುವಾರದ ರೈಲಿಗೆ ಎರಡು ಟಿಕೆಟ್ ತೆಗೆದಿಟ್ಟಿದ್ದಳು, ಒಂದು ತನಗೆ, ಒಂದು ಅಕ್ಕನಿಗೆ. ಅಕ್ಕನ ಕಣ್ಣು ದಿನೇ ದಿನೇ ಮಂಜಾಗುತ್ತಿತ್ತು. ಡಾಕ್ಟರು ಕೈಚೆಲ್ಲಿ, ಇನ್ನೆರಡು ತಿಂಗಳು ಕಂಡರೆ ಹೆಚ್ಚು ಎಂದಿದ್ದರು. ಹುಟ್ಟಿದಾಗಿನಿಂದ ಸಮುದ್ರ ಕಾಣದ ಅಕ್ಕ ಕೇಳಿದ್ದು ಅದೊಂದನ್ನೇ. ಹೋಗಿ ಬರಲು ಎರಡು ಹಗಲು, ಎರಡು ರಾತ್ರಿ. ಹಳೆಯ ಮಷಿನ್ ಬಿಟ್ಟು ಅಷ್ಟು ದಿನ ಕದಲಲು ಅವಳಿಗೆ ಈವರೆಗೆ ಆಗಿರಲೇ ಇಲ್ಲ.

ಊಟದ ಡಬ್ಬಿ ಮುಚ್ಚಿ, ಹೊತ್ತು ಹೋಗದೆ, ಹೊಸ ಪರದೆಯ ಮೇಲೆ ಅಕ್ಕನ ಹೆಸರನ್ನು ಟೈಪ್ ಮಾಡಿದಳು. ಹೆಸರು, ವಯಸ್ಸು, ವಿಳಾಸ ಎಲ್ಲ ಬಂತು. ಕೆಳಗೆ ಹಸಿರು ಅಕ್ಷರದಲ್ಲಿ, "ಒಗ್ಗದ ಔಷಧ: ಇಲ್ಲ."

ಅಕ್ಕನ ಹೆಸರಿನ ಮುಂದೆ ಇರಬೇಕಾದ ಸ್ಟಾರ್ ಇರಲಿಲ್ಲ.

ಇಪ್ಪತ್ತೊಂದು ವರ್ಷದ ಹಿಂದೆ, ಜ್ವರವೆಂದು ಬಂದ ಅಕ್ಕ ಇದೇ ಆಸ್ಪತ್ರೆಯಲ್ಲಿ ಒಂದು ಇಂಜೆಕ್ಷನ್ ತೆಗೆದುಕೊಂಡು, ಮೈಯೆಲ್ಲ ಊದಿ, ಸಾವಿನ ಬಾಯಿಂದ ಈಚೆ ಬಂದಿದ್ದಳು. ಯಾರಿಗೆ ಯಾವ ಔಷಧ ಒಗ್ಗದು ಎಂದು ಬರೆಯಲು ಹಳೆಯ ವ್ಯವಸ್ಥೆಯಲ್ಲಿ ಜಾಗವೇ ಇರಲಿಲ್ಲ. ಆಗ ಮಷಿನಮ್ಮ ನರ್ಸುಗಳಿಗೆ, ಸದ್ಯಕ್ಕೆ ಅಂಥವರ ಹೆಸರಿನ ಮುಂದೆ ಒಂದು ಸ್ಟಾರ್ ಹಾಕಿ, ಸ್ಟಾರ್ ಕಂಡರೆ ಫೈಲ್ ನೋಡದೆ ಸೂಜಿ ಮುಟ್ಟಬೇಡಿ ಎಂದಿದ್ದಳು. ಜಾಗ ಮಾಡಿಕೊಡುತ್ತೇವೆ ಎಂದಿದ್ದ, ಆ ವ್ಯವಸ್ಥೆ ಮಾಡಿದ ಕಂಪನಿ ಬಾಗಿಲು ಹಾಕಿತು, ಸ್ಟಾರ್ ಉಳಿಯಿತು. ನರ್ಸುಗಳಿಗೆ ಅದು ಎಷ್ಟು ಹಿಡಿಸಿತೆಂದರೆ, ಅವರೇ ಇನ್ನಷ್ಟು ಸ್ಟಾರ್ ಸೇರಿಸಿಕೊಂಡರು. ಎರಡು ಸ್ಟಾರ್ ಎಂದರೆ ಕಿವಿ ಮಂದ, ಜೋರಾಗಿ ಕೂಗಿ. ಮೂರಾದರೆ ಮನೆಯವರು ಜಗಳಗಂಟರು, ಹುಷಾರು. ಕೆಲಸಕ್ಕೆ ಸೇರಿದ ಮೊದಲ ದಿನವೇ ಒಬ್ಬರು ಇನ್ನೊಬ್ಬರಿಗೆ ಹೇಳಿಕೊಡುತ್ತಿದ್ದರು. ಯಾವ ಪುಸ್ತಕದಲ್ಲೂ ಅದು ಇರಲಿಲ್ಲ.

ಮಷಿನಮ್ಮ ಎದ್ದು ಬೀರು ತೆಗೆದಳು. ಹೋದ ವರ್ಷ ಹೊಸ ವ್ಯವಸ್ಥೆಯ ಕಂಪನಿಯವರು ಕೊಟ್ಟಿದ್ದ ನಲವತ್ತು ಪುಟದ ಪ್ರಶ್ನೆಪಟ್ಟಿಯ ಪ್ರತಿ ಅಲ್ಲಿತ್ತು. ಪುಟ ಮೂವತ್ತೆರಡು: "ಬರಹದಲ್ಲಿಲ್ಲದ, ರೂಢಿಯಿಂದ ನಡೆದುಬಂದ ಪದ್ಧತಿಗಳಿದ್ದರೆ ತಿಳಿಸಿ." ಎದುರಿಗೆ ಅವಳದೇ ಅಕ್ಷರ, "ಇಲ್ಲ." ಕೆಟ್ಟು ಕೂತ ಮಷಿನ್ನಿನ ಮುಂದೆ ಎರಡು ದಿನ ಕಣ್ಣು ಮುಚ್ಚದೆ ಕಳೆದು, ಒಮ್ಮೆ ಮುಗಿದರೆ ಸಾಕಪ್ಪಾ ಎಂದು ಬರೆದದ್ದು. ದಿನಾ ಕಣ್ಣೆದುರಿಗಿದ್ದ ಸ್ಟಾರ್ ಆ ಹೊತ್ತಿಗೆ ಹೊಳೆದೇ ಇರಲಿಲ್ಲ.

ಸಹಿ ಹಾಕಿದರೆ ಭಾನುವಾರ ರೈಲು. ಯಾರಿಗೂ ಗೊತ್ತಾಗುವುದೂ ಇಲ್ಲ. ಆ ಯೋಚನೆ ಬಂದು ಒಂದು ಗಳಿಗೆ ಪಕ್ಕದಲ್ಲೇ ಕೂತುಕೊಂಡಿತು, ಸುಳ್ಳೇಕೆ ಹೇಳಬೇಕು.

ಸಭೆಯಲ್ಲಿ ಹೊಸ ಕಂಪನಿಯ ಮ್ಯಾನೇಜರು ಬೀಗುತ್ತಿದ್ದ. "ಹೆಸರುಗಳಲ್ಲಿ ಕಸ ತುಂಬಾ ಇತ್ತು ಸರ್. ಚುಕ್ಕೆ, ಗೆರೆ, ಸ್ಟಾರ್. ಎಲ್ಲಾ ತೆಗೆಸಿ ಕ್ಲೀನ್ ಮಾಡಿದ್ದೀವಿ."

"ಅದು ಕಸ ಅಲ್ಲಪ್ಪ," ಎಂದಳು ಮಷಿನಮ್ಮ. ಪೂರ್ತಿ ಹೇಳಿದಳು.

ಆಸ್ಪತ್ರೆಯ ದೊಡ್ಡ ಸಾಹೇಬರ ಮುಖ ಕಪ್ಪಿಟ್ಟಿತು. "ಇದನ್ನ ಮೊದಲೇ ಯಾಕ್ರೀ ಯಾರೂ ಹೇಳಲಿಲ್ಲ?"

"ನಾನೇ ಸರ್. ಪುಟ ಮೂವತ್ತೆರಡು. ಇಲ್ಲ ಅಂತ ಬರೆದವಳು ನಾನೇ."

ಮ್ಯಾನೇಜರಿಗೆ ಜೀವ ಬಂದ ಹಾಗಾಯಿತು. "ತಲೆ ಕೆಡಿಸ್ಕೋಬೇಡಿ ಮೇಡಂ. ಸದ್ಯಕ್ಕೆ ಸೋಮವಾರ ಶುರು ಮಾಡೋಣ. ಪೇಷಂಟು ಬಂದಾಗ ಕೇಳಿ ತುಂಬಿಸ್ತಾ ಹೋದ್ರಾಯ್ತು."

"ಪ್ರಜ್ಞೆ ತಪ್ಪಿ ಬಂದವರು ಏನಂತ ಹೇಳ್ತಾರೆ?" ಎಂದಳು ಮಷಿನಮ್ಮ. "ನಿಮ್ಮ ಹಾಗೇ ನಾನೂ ಒಂದ್ಸಲ ಸದ್ಯಕ್ಕೆ ಅಂದಿದ್ದೆ. ಇಪ್ಪತ್ತೊಂದು ವರ್ಷ ಆಯ್ತು. ಸ್ಟಾರ್ ಇರೋರ ಪಟ್ಟಿ ಮಾಡಿ, ನಾಲ್ಕು ಸಾವಿರ ಫೈಲು ಕೈಯಲ್ಲಿ ತೆಗೆದು ನೋಡ್ಬೇಕು, ಯಾರಿಗೆ ಯಾವ ಔಷಧ ಅಂತ. ಮೂರು ತಿಂಗಳು ಬೇಕು. ನಾನು ಸಹಿ ಹಾಕಲ್ಲ."

"ಅಲ್ಲೀವರೆಗೆ ಹಳೇದನ್ನ ನಡೆಸೋರು ಯಾರು?" ಎಂದರು ಸಾಹೇಬರು. ಮೇಜಿನ ಸುತ್ತ ಒಮ್ಮೆ ಕಣ್ಣಾಡಿಸಿದರು. ಆಮೇಲೆ ಅವರೇ, ತುಸು ಮೆತ್ತಗೆ, "ನೀವಿದ್ದೀರಲ್ಲ," ಎಂದರು.

ಮೆಟ್ಟಿಲ ಮೇಲೆ ಕೂತು ಮಷಿನಮ್ಮ ಅಕ್ಕನಿಗೆ ಫೋನ್ ಮಾಡಿದಳು. "ಅಕ್ಕಾ, ಭಾನುವಾರ ಹೋಗಕ್ಕಾಗಲ್ಲ ಕಣೇ. ಮೂರು ತಿಂಗಳಾಗುತ್ತೆ. ನನ್ನದೇ ತಪ್ಪು." ಸ್ಟಾರಿನ ಕತೆ ಹೇಳಿದಳು. "ನೀನು ಯಾರನ್ನಾದರೂ ಜೊತೆ ಮಾಡ್ಕೊಂಡು ಹೋಗಿ ಬಾ. ನನಗೋಸ್ಕರ ಕಾಯಬೇಡ."

"ಬೇರೆಯವರ ಜೊತೆ ಹೋಗಿ ನಾನೇನು ಮಾಡ್ಲಿ?" ಎಂದಳು ಅಕ್ಕ. "ಆ ಪಟ್ಟೀಲಿ ನಾನೂ ಇದ್ದೀನಾ?"

"ಮೊದಲನೇ ಹೆಸರೇ ನಿಂದು."

"ಹಾಗಾದ್ರೆ ಕೂತು ಸರಿಯಾಗಿ ಮಾಡು. ಮೂರು ತಿಂಗಳು ಬಿಟ್ಟೇ ಹೋಗೋಣ."

"ಅಷ್ಟೊತ್ತಿಗೆ ನಿನಗೆ..."

"ಕಾಣದೇ ಹೋದ್ರೆ ಹೋಗ್ಲಿ ಬಿಡೇ," ಎಂದಳು ಅಕ್ಕ. "ನೋಡಿ ಹೇಳೋದಕ್ಕೆ ನೀನಿದ್ದೀಯಲ್ಲ."

ಮಷಿನಮ್ಮ ಸೆರಗಿನಿಂದ ಮುಖ ಒರೆಸಿಕೊಂಡಳು. ಹಳೆಯ ಫೈಲುಗಳ ಕೋಣೆಯ ಬೀಗ ತೆಗೆದು ಲೈಟ್ ಹಾಕಿ, ಮೊದಲ ಕಟ್ಟನ್ನು ಮೇಜಿನ ಮೇಲೆ ಇಳಿಸಿದಳು.