ಒಂದೂವರೆ ಪುಟದ ಜೀವನ ಚರಿತ್ರೆ

“ಮೈಕ್ ಹತ್ತಿರ ಹಿಡ್ಕೊಂಡು ಓದು. ಕೊನೇ ಸಾಲು ಬಂದಾಗ ನುಂಗಬೇಡ,” ಎನ್ನುತ್ತ ಪ್ರೊಫೆಸರ್ ತೀರಯುತ್ ಮಡಿಸಿದ ಹಾಳೆಯೊಂದನ್ನು ಪ್ರಯೂನನ ಕೈಗೆ ತುರುಕಿದರು.

ಬೌದ್ಧ ವಿಹಾರದ ಅಂಗಳದಲ್ಲಿ ಹಾಕಿದ್ದ ಪ್ಲಾಸ್ಟಿಕ್ ಕುರ್ಚಿಗಳಲ್ಲಿ ಅರ್ಧಕ್ಕರ್ಧ ಖಾಲಿ. ಎದುರಿಗೆ ಚಿತಾಗಾರದ ಮೆಟ್ಟಿಲುಗಳ ತುದಿಯಲ್ಲಿ ಮಲಿವನ್ ಮಲಗಿದ್ದ ಬಿಳಿ ಪೆಟ್ಟಿಗೆ. ವಿಶ್ವವಿದ್ಯಾಲಯದ ರಸಾಯನಶಾಸ್ತ್ರದ ಬಿ.ಎಸ್ಸಿ. ಪ್ರಯೋಗಾಲಯಗಳನ್ನು ಮೂವತ್ತೊಂದು ವರ್ಷ ನಡೆಸಿದ ಹೆಂಗಸು. ಅದರಲ್ಲಿ ಹತ್ತೊಂಬತ್ತು ವರ್ಷ ಪ್ರಯೂನ್ ಆಕೆಯ ಕೈಕೆಳಗಿನ ಸಹಾಯಕ. ಬೆಂಕಿಗಿಡುವ ಮುನ್ನ ಸತ್ತವರ ಜೀವನ ಚರಿತ್ರೆಯನ್ನು ಓದಬೇಕು. ವಿಭಾಗದ ಬೇರೆ ಯಾರೂ ಒಪ್ಪದೆ ಆ ಕೆಲಸ ಅವನ ಕೊರಳಿಗೆ ಬಿದ್ದಿತ್ತು.

ಹಿಂದಿನ ಸಾಲಿನಲ್ಲಿ ಇಬ್ಬರು ಉಪನ್ಯಾಸಕರು ಕಡಲೆಬೀಜ ಮೆಲ್ಲುತ್ತಿದ್ದರು.

“ಸ್ವರ್ಗದ ಬಾಗಿಲಲ್ಲಿ ನಿಂತ್ಕೊಂಡು, ಚಪ್ಪಲಿ ಹಾಕ್ಕೊಂಡು ಬಂದವರನ್ನೆಲ್ಲ ವಾಪಸ್ ಕಳಿಸ್ತಿರ್ತಾಳೆ ನೋಡು, ಷೂ ಹಾಕ್ಕೊಂಡು ಬಾ ಅಂತ.”

“ಸ್ವರ್ಗಕ್ಕೇ ಹೋಗಿದಾಳೆ ಅಂತ ನಿನಗ್ಯಾರು ಹೇಳಿದ್ರು?”

ಇಬ್ಬರೂ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕರು.

ಸಂತೆಯಲ್ಲಿ ಮೀನು ಮಾರುವ ಲಂಯೈ, ಸತ್ತವಳ ತಂಗಿ, ಪೆಟ್ಟಿಗೆಯ ಬಳಿ ಇಡುವ ಗಂಧದ ಚಕ್ಕೆಯ ಹೂಗಳ ತಟ್ಟೆ ಹಿಡಿದು ಬಂದವಳು ಪ್ರಯೂನನ ಮುಂದೆ ನಿಂತಳು.

“ನೀನಾ ಓದೋದು?”

“ಸರ್ ಹೇಳಿದ್ರು, ಅಕ್ಕ.”

“ನಾನು ನಿನಗೆ ಅಕ್ಕ ಅಲ್ಲ. ಅಲ್ಲಿರೋಳನ್ನ ಅಕ್ಕ ಅಕ್ಕ ಅಂದ್ಕೊಂಡೇ ಗುಂಡಿಗೆ ತಳ್ಳಿದೆ. ಓದು. ಅವರು ಬರೆದುಕೊಟ್ಟಿದ್ದನ್ನ ಒಂದಕ್ಷರ ಬಿಡದೆ ಓದು. ನಿನ್ನ ಬಾಯಿಂದ ಅದು ಹೆಂಗೆ ಬರತ್ತೆ ಅಂತ ನಾನೂ ಕೇಳ್ಬೇಕು.”

*

ಮೂರು ವರ್ಷದ ಹಿಂದೆ, ಎರಡನೇ ವರ್ಷದವರ ಪ್ರಯೋಗದ ದಿನ, ಬೆಳಿಗ್ಗೆಯೇ ಮಲಿವನ್ ನಲವತ್ತು ಹುಡುಗರ ಎದುರಿಗೆ ಅವನ ಮಾನ ಕಳೆದಿದ್ದಳು. ಒಂದು ಬಾಟಲಿಗೆ ಚೀಟಿ ಅಂಟಿಸಿರಲಿಲ್ಲ, ಅಷ್ಟೇ. “ನಿನಗೆ ಅಕ್ಷರ ಬರಲ್ವಾ ಪ್ರಯೂನ್? ಬರದಿದ್ರೆ ಹೇಳು, ಈ ಮಕ್ಕಳ ಜೊತೆ ಕೂರಿಸ್ತೀನಿ.” ಹುಡುಗರು ಕಿಸಕ್ಕೆಂದಿದ್ದರು.

ಮಧ್ಯಾಹ್ನ ತೀರಯುತ್ ತಮ್ಮ ಸಂಶೋಧನಾ ಕೋಣೆಯಿಂದ ಕಂದು ಬಾಟಲಿಯೊಂದನ್ನು ತಂದು ಅವನ ಕೈಗೆ ಕೊಟ್ಟರು. “ನಿಮ್ಮ ತ್ಯಾಜ್ಯದ ಕ್ಯಾನಿಗೆ ಸುರಿದುಬಿಡು. ಅವಳನ್ನ ಕೇಳೋಕೆ ಹೋಗ್ಬೇಡ.” ಮಲಿವನ್ ಹಿಂದೆ ಮೂರು ಸಲ ಅವರ ಚೀಟಿಯಿಲ್ಲದ ಬಾಟಲಿಗಳನ್ನು ಹಾಗೆಯೇ ಮೇಲಿನ ಅವರ ಕೋಣೆಗೆ ವಾಪಸು ಹೊರಿಸಿದ್ದಳು.

ಈ ಬಾಟಲಿಗೂ ಚೀಟಿಯಿರಲಿಲ್ಲ. ಏನಿದೆಯೆಂದು ಪ್ರಯೂನ್ ಕೇಳಲೂ ಇಲ್ಲ. ಅವಳ ಕಣ್ಣು ತಪ್ಪಿಸಿದೆನೆಂಬ ಖುಷಿಯೇ ಅವನಿಗೆ ಸಾಕಾಗಿತ್ತು. ಬಳಸಿದ ಅಸಿಟೋನ್ ಇದ್ದ ಕ್ಯಾನಿಗೆ ಸುರಿದು, ಮುಚ್ಚಳ ಬಿಗಿದು, ಚಹಾ ಕುಡಿಯಲು ಹೋದ. ಸುರಿದದ್ದು ನೈಟ್ರಿಕ್ ಆಸಿಡ್. ಎರಡೂ ಬೆರೆತು ಒಳಗೆ ಅನಿಲ ಒತ್ತಿ ಇಪ್ಪತ್ತು ನಿಮಿಷಕ್ಕೆ ಕ್ಯಾನು ಸಿಡಿಯಿತು. ಆವಿ ಕಟ್ಟಿದ ಸುರಕ್ಷಾ ಕನ್ನಡಕವನ್ನು ಒರೆಸಿಕೊಳ್ಳಲೆಂದು ಅದೇ ಹೊತ್ತಿಗೆ ತೆಗೆದಿದ್ದ ಕಾನ್ಯಾ ಎಂಬ ಹುಡುಗಿಯ ಎಡಗಣ್ಣು ಹೋಯಿತು.

ಅವಳನ್ನು ನೋಡಲು ಆಸ್ಪತ್ರೆಗೆ ಹೋದ ಮಲಿವನ್ ಮಂಚದ ಪಕ್ಕ ನಿಂತು ಕೇಳಿದ ಮೊದಲ ಮಾತು, “ಕನ್ನಡಕ ಯಾಕೆ ತೆಗೆದೆ?”

ಹುಡುಗಿಯ ತಾಯಿ ಅವಳ ರಟ್ಟೆ ಹಿಡಿದು ಹೊರಕ್ಕೆ ದಬ್ಬಿದಳು.

*

ವಿಚಾರಣಾ ಸಮಿತಿಯ ಮುಂದೆ ಮಲಿವನ್, ಕ್ಯಾನಿಗೆ ಸುರಿದದ್ದು ತನಗೆ ಗೊತ್ತೇ ಇರಲಿಲ್ಲವೆಂದು ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. ಪಕ್ಕದಲ್ಲೇ ಕೂತಿದ್ದ ಪ್ರಯೂನ್, “ಅಕ್ಕನೇ ಸುರಿಯೋಕೆ ಹೇಳಿದ್ರು,” ಎಂದ. ಅವನನ್ನು ನಂಬಲು ಯಾರಿಗೂ ಕಷ್ಟವಾಗಲಿಲ್ಲ. ಸಮಿತಿಯ ಮೂವರಲ್ಲಿ ಇಬ್ಬರು ಒಂದಲ್ಲ ಒಂದು ದಿನ ಅವಳ ಕೈಯಲ್ಲಿ ಬೈಸಿಕೊಂಡವರೇ.

ಹೊರಗೆ ಬಂದಾಗ ಅವಳು ಅಳಲಿಲ್ಲ. “ಸುಳ್ಳು ಹೇಳುವಾಗಲೂ ನೆಲ ನೋಡ್ತೀಯ. ಅದನ್ನೂ ನೆಟ್ಟಗೆ ಕಲೀಲಿಲ್ಲ ನೀನು,” ಎಂದಳು.

ಅವಳು ಅವನೊಂದಿಗೆ ಆಡಿದ ಕೊನೆಯ ಮಾತು ಅದು. ಅವಳನ್ನು ನೆಲಮಾಳಿಗೆಯ ಗಾಜಿನ ಸಾಮಾನಿನ ಉಗ್ರಾಣಕ್ಕೆ ಹಾಕಿದರು. ಎರಡೂವರೆ ವರ್ಷ ಅವನು ಅದರ ಕಿಟಕಿಯಲ್ಲಿ ಬೇಕಾದ ಸಾಮಾನಿನ ಚೀಟಿ ಚಾಚುತ್ತಿದ್ದ, ಅವಳು ಬೀಕರುಗಳನ್ನು ಎಣಿಸಿ ತಳ್ಳುತ್ತಿದ್ದಳು. ಒಡೆದದ್ದು ಒಂದೂ ಬರುತ್ತಿರಲಿಲ್ಲ. ಒಂದು ದಿನ ಕಿಟಕಿ ತೆರೆಯಲಿಲ್ಲ. ಒಳಗೆ ಹೋದರೆ ಸಾಮಾನಿನ ಕಪಾಟಿಗೆ ಒರಗಿ ಕೂತಿದ್ದಳು, ಬಾಯಿ ಒಂದು ಕಡೆಗೆ ವಾಲಿತ್ತು. ಲಕ್ವ. ಆರು ತಿಂಗಳು ಹಾಸಿಗೆಯಲ್ಲಿ ನರಳಿ ಹೋದಳು.

*

ಪ್ರಯೂನ್ ಓದಿದ. ಹುಟ್ಟಿದ ಊರು, ತಂದೆತಾಯಿ, ಓದಿದ ಶಾಲೆ, ಸೇವೆಗೆ ಸೇರಿದ ವರ್ಷ. ಮದುವೆಯಾಗಲಿಲ್ಲ ಎನ್ನುವ ಸಾಲಿಗೆ ಹಿಂದೆ ಯಾರೋ ಮುಸಿಮುಸಿ ನಕ್ಕರು. ಎರಡನೆಯ ಪುಟಕ್ಕೆ ಬಂದ.

“ಶ್ರೀಮತಿಯವರ ಅಜಾಗರೂಕತೆಯಿಂದ ಒಂದು ದುರಂತ ಸಂಭವಿಸಿತಾದರೂ, ವಿಭಾಗವು ದೊಡ್ಡ ಮನಸ್ಸಿನಿಂದ ಅವರನ್ನು ಕ್ಷಮಿಸಿ...”

ಮದುವೆಯಾಗದವಳನ್ನು ಶ್ರೀಮತಿ ಎಂದಿದ್ದರು. ಅದನ್ನು ನೋಡುವಷ್ಟು ವ್ಯವಧಾನವೂ ಯಾರಿಗೂ ಇರಲಿಲ್ಲ. ಪ್ರಯೂನ್ ತಲೆ ಎತ್ತಿದ. ಹಿಂದಿನ ಕಂಬದ ಬಳಿ ಒಬ್ಬಳೇ ನಿಂತಿದ್ದ ಕಾನ್ಯಾ ಕಂಡಳು. ಬೆಳಿಗ್ಗೆ ವಿಹಾರದ ಬಾಗಿಲಲ್ಲಿ ಅವನು ‘ಬಂದ್ಯಾ ಮಗಳೇ’ ಎಂದಿದ್ದಕ್ಕೆ, ‘ಕೈ ಮುಗಿಯೋಕೆ ಬಂದಿಲ್ಲ ಮಾಮ, ಉರಿಯೋದನ್ನ ನೋಡೋಕೆ ಬಂದಿದೀನಿ’ ಎಂದಿದ್ದಳು. ಈಗ ಆ ಸಾಲಿಗೆ ಅವಳು ಹೌದೆನ್ನುವಂತೆ ನಿಧಾನಕ್ಕೆ ತಲೆಯಾಡಿಸುತ್ತಿದ್ದಳು.

ಆ ತಲೆಯಾಡಿಸುವಿಕೆಯನ್ನು ಅವನಿಂದ ಸಹಿಸಲಾಗಲಿಲ್ಲ.

“ಇದು ಸುಳ್ಳು,” ಎಂದ. ದನಿ ಧ್ವನಿವರ್ಧಕದಲ್ಲಿ ಎರಡೆರಡಾಗಿ ಕೇಳಿಸಿತು. “ಸುರಿದಿದ್ದು ನಾನು. ಬಾಟಲಿ ಕೊಟ್ಟಿದ್ದು ತೀರಯುತ್ ಸರ್. ಅಕ್ಕನಿಗೆ ಗೊತ್ತೇ ಇರ್ಲಿಲ್ಲ. ಅಕ್ಕನ ಮೇಲೆ ಸಿಟ್ಟಿತ್ತು ನನಗೆ, ಅದಕ್ಕೇ...”

ಕಡಲೆಬೀಜದ ಸದ್ದು ನಿಂತಿತು. ತೀರಯುತ್ ಎದ್ದು ಬಂದು ಅವನ ಭುಜ ಸವರಿದರು. “ದುಃಖಕ್ಕೆ ತಲೆ ಕೆಟ್ಟಿದೆ, ಪಾಪ. ಯಾರಾದ್ರೂ ಮೈಕ್ ತಗೊಳ್ರಪ್ಪ.” ಬೆರಳುಗಳು ಮಾತ್ರ ಮೂಳೆಗೆ ನಾಟುತ್ತಿದ್ದವು. ಕಿವಿಯ ಹತ್ತಿರ, “ನಾಳೆ ಕೆಲಸಕ್ಕೆ ಬರಬೇಡ,” ಎಂದರು.

ಯಾರೋ ಬಂದು ಅವನ ಕೈಯಿಂದ ಮೈಕು ತೆಗೆದುಕೊಂಡರು. ಜನ ಗುಸುಗುಸು ಎನ್ನುತ್ತಲೇ ಸಾಲುಗಟ್ಟಿದರು. ಲಂಯೈ ಒಬ್ಬೊಬ್ಬರಿಗೂ ಒಂದೊಂದು ಗಂಧದ ಹೂ ಕೊಟ್ಟಳು. ತೀರಯುತ್‌ಗೂ ಕೊಟ್ಟಳು. ಪ್ರಯೂನ್ ಕೈ ಒಡ್ಡಿದಾಗ ತಟ್ಟೆಯನ್ನು ಎದೆಗೆ ಒತ್ತಿಕೊಂಡಳು.

“ಮೂರು ವರ್ಷ ಅವಳಿಗೆ ಕಿವಿ ಇತ್ತಲ್ಲೋ,” ಎಂದಳು. “ಆರು ತಿಂಗಳು ಹಾಸಿಗೇಲಿ ಬಾಗಿಲ ಕಡೆ ನೋಡ್ತಾ ಮಲಗಿದ್ಲು. ಆಗ ಎಲ್ಲಿ ಸತ್ತಿದ್ದೆ ನೀನು?”

ಅವನು ಮೆಟ್ಟಿಲ ಬುಡದಲ್ಲಿ ಒಂದು ಬದಿಗೆ ಸರಿದು ನಿಂತ. ಎಲ್ಲರೂ ಹತ್ತಿ ಹೂವಿಟ್ಟು ಇಳಿದರು. ಮೇಲೆ ವಿಹಾರದ ಆಳು ಚಿತಾಗಾರದ ಕಬ್ಬಿಣದ ಬಾಗಿಲು ಮುಚ್ಚಲು ಕೈ ಹಾಕಿದ್ದ.

“ತಡೀರಿ,” ಎಂದು ಹಿಂದಿನಿಂದ ಯಾರೋ ಕೂಗಿದರು.

ಕಾನ್ಯಾ ಕುರ್ಚಿಗಳ ನಡುವೆ ಹಾದು ಬಂದಳು. ಲಂಯೈಯ ತಟ್ಟೆಯಿಂದ ತಾನೇ ಒಂದು ಹೂ ಎತ್ತಿಕೊಂಡು ಮೆಟ್ಟಿಲ ಬಳಿ ಬಂದು ನಿಂತಳು. ಒಂದೇ ಕಣ್ಣಿಗೆ ಮೆಟ್ಟಿಲಿನ ಎತ್ತರ ಅಂದಾಜಾಗುತ್ತಿರಲಿಲ್ಲ. ಪ್ರಯೂನ್ ತಡೆಯಲಾರದೆ ಕೈ ಚಾಚಿದ.

ಅವಳು ಆ ಕೈಯನ್ನು ನೋಡಿದಳು. ತನ್ನ ಕೈಯನ್ನು ಹಿಂದಕ್ಕೆಳೆದುಕೊಂಡು, ಕಾಲಿನ ಹೆಬ್ಬೆರಳಿನಿಂದ ಮೊದಲ ಮೆಟ್ಟಿಲ ಅಂಚನ್ನು ತಡವಿ, ಹತ್ತತೊಡಗಿದಳು.