ಆರದ ಚಾದರಗಳು

ಕರೆಂಟು ಹೋದದ್ದು ಮಧ್ಯಾಹ್ನ ಒಂದಕ್ಕೆ. ಎಸಿ ನಿಂತಿತು. ಮಗಳು ಹಫ್ಸಾ ಸೌತ್ ಸ್ಯಾನ್ ಫ್ರಾನ್ಸಿಸ್ಕೋದ ಲ್ಯಾಬಿನಲ್ಲಿದ್ದಳು. ಡ್ಯಾನ್‌ವಿಲ್‌ನ ಅವಳ ಮನೆಯಲ್ಲಿ ನಾನು, ಹೆಂಡತಿ ಖತೀಜಾ, ಮೊಮ್ಮಗಳು ಅರೀಬಾ ಮೂವರೇ. ಖತೀಜಾಳ ಹೃದಯ ಮೊದಲೇ ಸೋತದ್ದು. ಸೆಕೆಯಿಂದ ಅವಳನ್ನು ಕಾಯಬೇಕಿತ್ತು.

ನಾನು ರಾಯಚೂರಿನಲ್ಲಿ ಮೂವತ್ತಾರು ವರ್ಷ ವಿಜ್ಞಾನ ಕಲಿಸಿದ ತಾಜುದ್ದೀನ್ ಮಾಸ್ತರ. ನನಗೆ ಸೆಕೆಯ ಪಾಠ ಯಾರು ಹೇಳಬೇಕು? ಚಾದರಗಳನ್ನು ನೆನೆಸಿ ಕಿಟಕಿಗೆ, ಬಾಗಿಲಿಗೆ ಕಟ್ಟಿದೆ. ನಮ್ಮೂರ ಬೇಸಿಗೆಯಲ್ಲಿ ಮನೆಮನೆಯಲ್ಲೂ ಹೀಗೇ. ನೀರು ಆರುವಾಗ ಗಾಳಿಯ ಶಾಖ ಹೀರುತ್ತದೆ, ಕೋಣೆ ತಣ್ಣಗಾಗುತ್ತದೆ. ಹೊರಗಿನ ಬಿಸಿ ಬರಬಾರದೆಂದು ಕಿಟಕಿಗಳನ್ನೂ ಮುಚ್ಚಿಬಿಟ್ಟೆ.

“ಉಸಿರು ಕಟ್ಟಿದಂಗ ಆಗಾಕತ್ತೈತ್ರಿ,” ಅಂದಳು ಖತೀಜಾ.

“ಸುಮ್ಮನ ಮಲ್ಕೋ. ಇನ್ನೊಂದು ತಾಸಿಗೆ ತಂಪಾಗತೈತಿ,” ಎಂದು ಗದರಿದೆ.

ಅರೀಬಾ ಫೋನು ಹಿಡಿದು ಬಂದಳು. “ನಾನಾಜಾನ್, ಇಟ್ಸ್ ಸೋ ಹ್ಯುಮಿಡ್ ಟುಡೇ. ನೋ ಮೋರ್ ವಾಟರ್, ಪ್ಲೀಸ್!” ದಕ್ಷಿಣದ ಕಡಲ ಕಡೆಯಿಂದ ತೇವದ ಗಾಳಿ ನುಗ್ಗಿದೆಯಂತೆ. ಈ ಕಡೆ ಅದು ಅಪರೂಪ.

“ನನಗ ಕಲಿಸಾಕ ಬಂದೀಯೇನವಾ?” ಎಂದು ಶುರುಮಾಡಿದೆ. ಕಾರ್ಬನ್ ಹೊಗೆ ಭೂಮಿಯನ್ನು ಬಿಸಿ ಮಾಡುತ್ತದೆ, ಬಿಸಿಯಾದ ಗಾಳಿ ಹೆಚ್ಚು ನೀರಾವಿ ಹಿಡಿಯುತ್ತದೆ, ಆ ಆವಿ ಶಾಖವನ್ನು ಹೊರಬಿಡದೆ ಮತ್ತಷ್ಟು ಕುದಿಸುತ್ತದೆ. ಬೆಂಕಿ ಹೊತ್ತಿಸಿದ್ದು ಹೊಗೆ, ಮೇಲೆ ಕೌದಿ ಹೊದಿಸಿದ್ದು ಆವಿ. ಹತ್ತು ನಿಮಿಷ ಭಾಷಣ! ಹೇಳೋದು ಆಚಾರ, ತಿನ್ನೋದು ಬದನೆಕಾಯಿ. ಆವಿಯ ಬಗ್ಗೆ ಅಷ್ಟೆಲ್ಲ ಒದರುತ್ತಲೇ ಇನ್ನೊಂದು ಚಾದರ ನೆನೆಸಿ ಕಟ್ಟಿದೆ.

ಖತೀಜಾಳ ಹಣೆ ಒರೆಸಲು ಹೋದಾಗ ತಿಳಿಯಿತು. ಮೈಯೆಲ್ಲ ಬೆವರು, ಒಂದು ಹನಿಯೂ ಆರಿಲ್ಲ. ಚಾದರಗಳೂ ಕಟ್ಟಿದಾಗ ಇದ್ದಷ್ಟೇ ಒದ್ದೆ. ರಾಯಚೂರಿನ ಒಣಗಾಳಿ ನೀರು ಕುಡಿಯುತ್ತಿತ್ತು. ಈ ಗಾಳಿಯ ಹೊಟ್ಟೆ ಮೊದಲೇ ತುಂಬಿತ್ತು, ಮುಚ್ಚಿದ ಕೋಣೆಯಲ್ಲಿ ಉಳಿದ ಜಾಗವನ್ನೂ ನಾನೇ ತುಂಬಿಸಿದ್ದೆ. ಬೆವರು ಆರದಿದ್ದರೆ ಮೈ ತಣಿಯುವುದು ಹೇಗೆ?

“ಖತೀಜಾ!” ಎಂದು ಅಲುಗಾಡಿಸಿದೆ. ಏನೋ ತೊದಲಿದಳು, ಕಣ್ಣು ಮೇಲಾಯಿತು. ಯಾ ಅಲ್ಲಾ! ಅರೀಬಾಳೇ ಆಂಬುಲೆನ್ಸಿಗೆ ಫೋನು ಮಾಡಿದಳು, ಚಾದರಗಳನ್ನು ಕಿತ್ತೆಸೆದು ಕಿಟಕಿ ತೆರೆದಳು, ಫ್ರಿಜ್ಜಿನ ಐಸು ತಂದು ಅಜ್ಜಿಯ ಕಂಕುಳಿಗೆ ಒತ್ತಿದಳು. ನಾನು ಗೋಡೆ ಹಿಡಿದು ನಿಂತಿದ್ದೆ.

ಜೀವ ಉಳಿಯಿತು. ನಾಲ್ಕನೇ ದಿನ ಆಸ್ಪತ್ರೆಯಿಂದ ಬಿಡುವಾಗ ನರ್ಸು ಏನೋ ಕೇಳಿದಳು. ಅರೀಬಾ ತನಗೆ ಬರುವ ಕನ್ನಡದಲ್ಲಿ ಅಜ್ಜಿಗೆ ತಿಳಿಸಿದಳು: “ನಾನೀ, ಮನೇಲಿ ಮತ್ತೆ ಹೀಗೆ ಆದ್ರೆ ಫಸ್ಟು ಯಾರಿಗೆ ಹೇಳ್ತೀರಾ?”

ಐವತ್ತು ವರ್ಷ ಜೊತೆಗಿದ್ದ ಗಂಡ, ಮಂಚದ ಪಕ್ಕದಲ್ಲೇ ನಿಂತಿದ್ದೆ. ಖತೀಜಾ ನನ್ನ ಮುಖ ನೋಡಿದಳು. ಅವಳ ಕಣ್ಣಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ಚೆನ್ನಾಗಿತ್ತು.

“ನಿನಗ ಹೇಳ್ತೀನಿ, ಬೇಟಾ,” ಅಂದಳು ಮೊಮ್ಮಗಳಿಗೆ.