ಏಳು ಚೀಲ, ಏಳು ಕಲ್ಲು

ಹಗರಿಬೊಮ್ಮನಹಳ್ಳಿಯ ಸಂತೆ ಬಯಲಿನ ಹಿಂದೆ ಹಿಟ್ಟಿನ ಗಿರಣಿ ಇಟ್ಟಿದ್ದ ಮಕ್ತುಂಬಿಗೆ ಇದ್ದದ್ದು ಒಂದೇ ಹುಚ್ಚು, ಕಲ್ಲಿನದು. ಬೇಸಿಗೆಯಲ್ಲಿ ತುಂಗಭದ್ರೆಯ ಹಿನ್ನೀರು ಇಳಿದಾಗ ಹಂಪಸಾಗರದ ತಂಗಿಯ ಮನೆಗೆ ಹೋಗಿ, ಬರುವಾಗ ದಡದ ಗುಂಡುಕಲ್ಲುಗಳನ್ನು ಚೀಲ ತುಂಬಿಸಿಕೊಂಡು ಬರುತ್ತಿದ್ದಳು. ನೀರಲ್ಲಿದ್ದಾಗ ಮಾವಿನ ಹಣ್ಣಿನ ಬಣ್ಣ. ಮನೆಗೆ ತಂದು ಒಣಗಿದರೆ ಬೂದಿ. ಆ ಮೋಸವನ್ನು ಅವಳಿಂದ ಸಹಿಸಲಾಗುತ್ತಿರಲಿಲ್ಲ.

ಒಣಗಿದ ಮೇಲೂ ಕಲ್ಲಿನ ಬಣ್ಣ ಉಳಿಯುವಂತೆ ಉಜ್ಜಿ ಹೊಳಪಿಸಲೆಂದು, ಗಂಡ ಅಬ್ದುಲ್ ವಹಾಬ ಸಾಯುವ ಮುಂಚೆ ಒಂದು ಗ್ರೀಸಿನ ಡಬ್ಬಿಗೆ ಒಳಗಡೆ ಬಸ್ಸಿನ ಹಳೆಯ ಟ್ಯೂಬು ಅಂಟಿಸಿ, ಗೋಡೆಯಾಚೆ ಹಿತ್ತಿಲಿಗೆ ಚಾಚಿದ್ದ ಗಿರಣಿಯ ಶಾಫ್ಟಿಗೆ ಬೆಲ್ಟು ಹಾಕಿ ಕೊಟ್ಟಿದ್ದ. ಒಳಗೆ ಊರಿನ ಜೋಳ ಹಿಟ್ಟಾಗುವಷ್ಟು ಹೊತ್ತು ಹೊರಗೆ ಆ ಡಬ್ಬಿಯಲ್ಲಿ ಅವಳ ಕಲ್ಲುಗಳು ಉರುಳುತ್ತಿದ್ದವು. ಕಲ್ಲಿನ ಜೊತೆ ಡಬ್ಬಿಗೆ ಮೊದಲು ಒಡೆದ ಸಾಣೆಚಕ್ರದ ದಪ್ಪ ಪುಡಿ, ಆಮೇಲೆ ಬಟ್ಟೆಯಲ್ಲಿ ಸೋಸಿದ ಸಣ್ಣ ಪುಡಿ, ಕೊನೆಗೆ ಹೊಸಪೇಟೆಯ ಕನ್ನಡಕದ ಅಂಗಡಿಯಿಂದ ತರಿಸಿದ, ಗಾಜು ಹೊಳಪಿಸುವ ಕೆಂಪು ಪುಡಿ. ಒಂದು ಡಬ್ಬಿ ಕಲ್ಲು ಹೊಳಪಿಗೆ ಬರಲು ಎರಡು ತಿಂಗಳು ಬೇಕು. ಹೊಳಪು ಬಂದ ದಿನ ಮಾತ್ರ ಅವಳು ಯಾರ ಕೂಡವೂ ಜಗಳ ಆಡುತ್ತಿರಲಿಲ್ಲ.

ಹೀಗಿರುವಾಗ ಅದೇ ಊರಿನ ಮೈಲಾರಲಿಂಗಪ್ಪ ಎಂಬವನು ಬಸ್ ಸ್ಟ್ಯಾಂಡಿನ ಹತ್ತಿರ ಕರೆಂಟಿನ ಗಿರಣಿ ಹಾಕಿದ. ಬಣ್ಣ ಹೊಡೆದ ಹೊಸ ಗಿರಣಿ, ಆದರೆ ಹೆಂಗಸರು ಅತ್ತ ತಲೆ ಹಾಕಲಿಲ್ಲ. ಮಕ್ತುಂಬಿ ಬೀಸಿದ ಹಿಟ್ಟಿಗೆ ಜಿಗಿ ಹೆಚ್ಚು, ರೊಟ್ಟಿ ಹರಿಯುವುದಿಲ್ಲ ಎಂಬ ನಂಬಿಕೆ ಅವರದು. ಒಂದು ದಿನ ಅವನೇ ಇವಳ ಹಿತ್ತಿಲಿಗೆ ಬಂದು ಕೂತ. ತಂಗಿ ತಂಗಿ ಎನ್ನುತ್ತ ಚಹಾ ಕುಡಿದ, ಕಲ್ಲಿನ ಡಬ್ಬಿಯಲ್ಲಿ ಕೈಯಾಡಿಸಿದ, ಹೊಗಳಿದ, ಹೋದ.

ಅದಾಗಿ ವಾರಕ್ಕೆ ಓಬಣ್ಣನ ಮನೆಯ ತೊಟ್ಟಿಲ ಊಟದಲ್ಲಿ ಮೈಲಾರಲಿಂಗಪ್ಪ ರೊಟ್ಟಿ ಕಚ್ಚಿದವನೇ ಕೆನ್ನೆ ಹಿಡಿದುಕೊಂಡ. ಬಾಯಿಂದ ತೊಗರಿ ಕಾಳಿನಷ್ಟು, ಹೊಳೆಯುವ ಕೆಂಪು ಕಲ್ಲು ತೆಗೆದು, ಪಂಕ್ತಿಯ ಈ ತುದಿಯಿಂದ ಆ ತುದಿಗೆ ಕೈಯಿಂದ ಕೈಗೆ ದಾಟಿಸಿದ. ಹಿಟ್ಟು ಮಕ್ತುಂಬಿಯ ಗಿರಣಿಯದು. ಕಲ್ಲು ಯಾರದು ಎಂದು ಬೇರೆ ಹೇಳಬೇಕೆ?

ಗಿರಣಿಯ ಎರಡು ಬೀಸುಗಲ್ಲುಗಳ ನಡುವೆ ಹಾದು ಬಂದ ಕಲ್ಲು ಪುಡಿಯಾಗದೆ ದುಂಡಗೆ ಹೊಳೆಯುತ್ತ ಹೇಗೆ ಬಂತು ಎಂದು ಅವಳು ಮನೆಮನೆಗೂ ಹೋಗಿ ಕೇಳಿದಳು. ಊರ ಬಾಯಿಗೆ ಮುಚ್ಚಳವಿಲ್ಲ, ಕಿವಿಗೆ ಮಾತ್ರ ಇದೆ. ಹಿಟ್ಟಿನಲ್ಲಿ ಉಸುಕು ಎಂಬ ಮಾತು ಹುಟ್ಟಿದ ಮೇಲೆ ಗಿರಣಿಯವರ ಕಥೆ ಮುಗಿದ ಹಾಗೆ. ಹತ್ತು ವರ್ಷದ ಗಿರಾಕಿಗಳು ಜೋಳದ ಪುಟ್ಟಿಯನ್ನು ಸೆರಗಿನಲ್ಲಿ ಮುಚ್ಚಿಕೊಂಡು ಬಸ್ ಸ್ಟ್ಯಾಂಡಿನ ಕಡೆ ನಡೆದರು. ಓಣಿಯ ಹಿರಿಯಳಾದ ಹುಲುಗಮ್ಮ ಬಂದು, ಆ ಡಬ್ಬಿ ಕಿತ್ತೊಗೆದು ತಪ್ಪಾಯಿತು ಅಂದುಬಿಡು, ಎಲ್ಲರೂ ಬರುತ್ತಾರೆ ಎಂದು ಬುದ್ಧಿ ಹೇಳಿದಳು. ಮಾಡದ ತಪ್ಪನ್ನು ಒಪ್ಪಿಕೊಳ್ಳುವುದಕ್ಕಿಂತ ಗಿರಣಿಗೆ ಬೀಗ ಹಾಕುವುದು ಲೇಸು ಎಂದಳು ಮಕ್ತುಂಬಿ. ಅವತ್ತಿನಿಂದ ಅವಳ ಎದೆಯಲ್ಲಿ ಇದ್ದದ್ದು ಬರೀ ಸೇಡು. ಅವನ ಮನೆ ಹಾಳಾಗಲಿ ಎಂದು ಶಪಿಸಲಿಲ್ಲ. ಸುಳ್ಳು ಹೇಳಿದ ಆ ಬಾಯಿಂದಲೇ ನಿಜ ಬರಬೇಕು, ಎಲ್ಲರೂ ಕೇಳಬೇಕು, ಅಷ್ಟೇ ಅವಳಿಗೆ ಬೇಕಾಗಿದ್ದದ್ದು.

ಮರುವರ್ಷ, ಎಪ್ಪತ್ತೊಂಬತ್ತರ ಬೇಸಿಗೆಯಲ್ಲಿ, ಮೈಲಾರಲಿಂಗಪ್ಪ ಮಗಳ ಮದುವೆ ಇಟ್ಟುಕೊಂಡ. ಜೋಳದ ಹಿಟ್ಟು ಹಳತಾದರೆ ರೊಟ್ಟಿ ತಟ್ಟಲು ಬರುವುದಿಲ್ಲವೆಂದು, ರೊಟ್ಟಿ ಮಾಡುವ ಹಿಂದಿನ ದಿನವೇ ಬೀಸಬೇಕೆಂದು ಏಳು ಚೀಲ ಜೋಳ ತೆಗೆದಿಟ್ಟಿದ್ದ. ಸರಿಯಾಗಿ ಆಗಲೇ ಟ್ರಾನ್ಸ್‌ಫಾರ್ಮರ್ ಸುಟ್ಟು, ಊರಿಗೆ ಊರೇ ಕರೆಂಟಿಲ್ಲದೆ ಕೂತಿತು. ಹೊಸದು ಬರಲು ಎಂಟು ದಿನವಾದರೂ ಬೇಕೆಂದರು. ಡೀಸೆಲ್ ಎಂಜಿನ್ ಇದ್ದದ್ದು ಮಕ್ತುಂಬಿಯ ಗಿರಣಿಗೆ ಮಾತ್ರ.

ಅವನು ತಾನು ಬರಲಿಲ್ಲ. ಆಳಿನ ಕೈಯಲ್ಲಿ ಬಂಡಿ ಕಳಿಸಿದ. ಅವಳು ಎರಡು ಮಾತಾಡದೆ ಚೀಲ ಇಳಿಸಿಕೊಂಡಳು. ಬೀಸುವಾಗ ಕೈ ತುರಿಸಿತು, ಒಂದೇ ಒಂದು ಹಿಡಿ ಉಸುಕು ಎಂದು. ಹಾಕಿದರೆ ಅವನ ಸುಳ್ಳನ್ನು ತಾನೇ ನಿಜ ಮಾಡಿದ ಹಾಗಾಗುತ್ತದೆ ಎಂದು ಹಲ್ಲು ಕಚ್ಚಿ ಬೀಸಿದಳು. ಅಷ್ಟು ನುಣ್ಣಗೆ ಅವಳು ಹಿಂದೆಂದೂ ಬೀಸಿರಲಿಲ್ಲ. ಆಮೇಲೆ ತನ್ನ ಡಬ್ಬಿಯಿಂದ ಕೋಳಿಮೊಟ್ಟೆ ಗಾತ್ರದ, ಕನ್ನಡಿಯ ಹಾಗೆ ಹೊಳೆಯುವ ಏಳು ಕಲ್ಲು ಆರಿಸಿ, ಚೀಲಕ್ಕೊಂದರಂತೆ ಹಿಟ್ಟಿನ ಮೇಲಿಟ್ಟು ಬಾಯಿ ಹೊಲಿದಳು.

ಮರುದಿನ ಬೆಳಿಗ್ಗೆ ಎಂಟು ಗಂಟೆಗೆ ಮೈಲಾರಲಿಂಗಪ್ಪ ಚಪ್ಪಲಿ ಕೂಡ ಇಲ್ಲದೆ ಓಡಿ ಬಂದ. ಓಣಿಯ ನಲವತ್ತು ಹೆಂಗಸರು ಒಲೆ ಹೂಡಿ, ಹಂಚು ಕಾಯಿಸಿ, ಚೀಲ ಬಿಚ್ಚಿ, ಕಲ್ಲು ಕಂಡು ಕೈ ತೊಳೆದುಕೊಂಡು ಕೂತಿದ್ದರು. ಬೀಗರ ಹಲ್ಲು ಮುರಿದ ಪಾಪ ನಮಗೆ ಬೇಡ ಅನ್ನುತ್ತಿದ್ದರಂತೆ.

"ಬಾರವ್ವ, ಹಿಟ್ಟು ಚಲೋ ಐತಿ ಅಂತ ನೀನ ಒಂದ್ ಮಾತು ಹೇಳು," ಎಂದ.

"ನಾನು ಒಂದ್ ವರ್ಷ ಹೇಳೀನ್ರಿ. ಯಾರೂ ಕೇಳಲಿಲ್ಲ. ನಿಮ್ಮ ಮಾತು ಕೇಳ್ತಾರ, ನೀವ ಹೇಳ್ರಿ," ಎಂದು ಅವಳು ಸೆರಗು ಹೊದ್ದು ಅವನ ಹಿಂದೆ ಹೋಗಿ ಅಂಗಳದ ಬಾಗಿಲಲ್ಲಿ ನಿಂತಳು.

ಅವನು ಹಿಟ್ಟು ಸ್ವಚ್ಛವಾಗಿದೆ ಎಂದ. ಹೆಂಗಸರು ಅಲುಗಲಿಲ್ಲ. ದೇವರ ಮೇಲೆ ಆಣೆ ಮಾಡಿದ. ಒಂದು ಹಿಡಿ ಹಸಿಹಿಟ್ಟು ಬಾಯಿಗೆ ಹಾಕಿಕೊಂಡು ಕೆಮ್ಮಿದ. ಹುಲುಗಮ್ಮ ಸೊಂಟದ ಮೇಲೆ ಕೈಯಿಟ್ಟು ಎದ್ದಳು.

"ಹಂಗಾದ್ರ ಹೋದ್ ವರ್ಷ ನಿನ್ ಬಾಯಾಗ ಬಂದ ಕಲ್ಲು ಎಲ್ಲೀದಪ್ಪಾ?"

ಒಲೆಗಳು ಸುಮ್ಮನೆ ಉರಿಯುತ್ತಿದ್ದವು. ಮದುವೆಗೆ ಉಳಿದದ್ದು ಎರಡೇ ದಿನ. ಅವನು ಹೆಂಡತಿಯ ಕಡೆ ನೋಡಿದ, ಬಾಗಿಲಲ್ಲಿ ನಿಂತಿದ್ದ ಮಕ್ತುಂಬಿಯ ಕಡೆ ನೋಡಿದ, ನೆಲ ನೋಡಿದ.

"ನನ್ ಕಿಸೆದಾಗಿಂದು," ಎಂದ. "ಆಕಿ ಡಬ್ಬ್ಯಾಗಿಂದ ಎತ್ತಿಕೊಂಡು ನಾನ ಬಾಯಾಗ ಹಾಕ್ಕೊಂಡಿದ್ದೆ."

ಮಕ್ತುಂಬಿಗೆ ಒಂದು ವರ್ಷ ಕಾದದ್ದು ಸಾರ್ಥಕ ಅನ್ನಿಸಿತು, ಅದನ್ನು ಮುಚ್ಚಿಡುವ ಗೋಜಿಗೂ ಅವಳು ಹೋಗಲಿಲ್ಲ. ಬಾಯಿ ತುಂಬ ನಕ್ಕಳು. ಹೆಂಗಸರು ಮಾತ್ರ ನಗಲಿಲ್ಲ. ತಲೆ ಬಗ್ಗಿಸಿ ಪಟಪಟ ರೊಟ್ಟಿ ತಟ್ಟತೊಡಗಿದರು. ಒಬ್ಬಳೂ ಅವಳ ಮುಖ ನೋಡಲಿಲ್ಲ. ಮನೆಗೆ ಬರುವ ದಾರಿಯಲ್ಲಿ ಅವಳ ನಗು ಇಂಗಿಹೋಗಿ ಹೊಸ ಸಿಟ್ಟೊಂದು ಹುಟ್ಟಿತು. ಸುಳ್ಳು ಹೇಳಿದವನು ಒಬ್ಬ. ನಂಬಿದವರು ನಲವತ್ತು ಜನ.

ಮದುವೆ ಮುಗಿದ ಮರುದಿನ ಅದೇ ನಲವತ್ತು ಜನ ಪುಟ್ಟಿ ಹೊತ್ತು ಅವಳ ಗಿರಣಿಯ ಮುಂದೆ ಸಾಲು ನಿಂತರು. ಕರೆಂಟು ಇನ್ನೂ ಬಂದಿರಲಿಲ್ಲ. ಮನೆಗಳಲ್ಲಿ ಹಿಟ್ಟು ಮುಗಿದಿತ್ತು. ಮಕ್ತುಂಬಿ ಎಂಜಿನ್ ತಿರುಗಿಸಿದಳು. ಆಮೇಲೆ ಎಲ್ಲರೂ ನೋಡುತ್ತಿರುವಾಗಲೇ ಬೀಸುಗಲ್ಲಿನ ಬೆಲ್ಟು ಕಳಚಿ ಗೂಟಕ್ಕೆ ತೂಗುಹಾಕಿದಳು. ಹಿತ್ತಿಲಿನಲ್ಲಿ ಡಬ್ಬಿಯೊಂದೇ ಗಡಗಡ ಉರುಳತೊಡಗಿತು.

"ಇದೇನವ್ವ, ಜ್ವಾಳ ಯಾವಾಗ ಹಾಕ್ತಿ?" ಎಂದಳು ಹುಲುಗಮ್ಮ.

"ಇವತ್ತು ಕಲ್ಲಿನ ಪಾಳಿ ಐತ್ರಿ. ಕುಂದರ್ರಿ," ಎಂದಳು ಮಕ್ತುಂಬಿ.

ಅವರು ಕೂತರು. ಹೋಗಲು ಬೇರೆ ಗಿರಣಿ ಇರಲಿಲ್ಲ. ಬಿಸಿಲು ಏರಿ, ನೆರಳು ಗೋಡೆಯ ಬುಡಕ್ಕೆ ಸರಿಯಿತು. ಮಧ್ಯಾಹ್ನದವರೆಗೆ ಎಂಜಿನ್ ಎಣ್ಣೆ ಕುಡಿಯುತ್ತಲೇ ಇತ್ತು, ಮಕ್ತುಂಬಿ ಹೊಸ್ತಿಲ ಮೇಲೆ ಕೂತು ಒಬ್ಬೊಬ್ಬರ ಮುಖವನ್ನೂ ಸಾವಕಾಶವಾಗಿ ನೋಡುತ್ತಲೇ ಇದ್ದಳು.